ನಾವೇ ಮಾಡಿದ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್: ಡ್ರೈವರ್ ಇಲ್ಲದೆ ಅದರ ಮೆಮೊರಿ ಓದುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪಿಸಿಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಕೂರುವ ಒಂದು ಕಾರ್ಡ್ ಮಾಡಿದ್ದೇನೆ. ಅದರಲ್ಲಿ ಆರ್ಟಿಕ್ಸ್-7 ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ತುಂಬಬಹುದಾದ ಚಿಪ್) ಇದೆ. ಚಿಪ್ 35ಟಿ, ಒಂದೇ ಲೇನ್ (ಡೇಟಾ ಹೋಗಿಬರುವ ದಾರಿ). ಒಳಗೆ 4 ಕೆಬಿ ಬ್ಲಾಕ್ ರ್‍ಯಾಮ್ ಇದೆ, ಅದು ಪಿಸಿಗೆ ಬಾರ್ 0 (ಕಾರ್ಡಿನ ಮೆಮೊರಿ ಪಿಸಿಯ ವಿಳಾಸಗಳಲ್ಲಿ ಕಾಣುವ ಮೊದಲ ಕಿಟಕಿ) ಆಗಿ ಕಾಣಬೇಕು. ಗುರುತಿಗೆ ಅಂತ ಮೊದಲ ನಾಲ್ಕು ಬೈಟ್‌ನಲ್ಲಿ 12345678 ತುಂಬಿಟ್ಟಿದ್ದೇನೆ. ಅದನ್ನೊಂದು ಓದಿದರೆ ಅರ್ಧ ಗೆದ್ದ ಹಾಗೆ. ಡ್ರೈವರ್‌ಗೆ ಇನ್ನೂ ಕೈ ಹಾಕಿಲ್ಲ. ಬೋರ್ಡೇ ಸರಿ ಇದೆಯೋ ಇಲ್ಲವೋ ಗೊತ್ತಿಲ್ಲದೆ ಡ್ರೈವರ್ ಬರೆದರೆ ತಪ್ಪು ಯಾವ ಕಡೆ ಇದೆ ಅಂತ ಹುಡುಕುವುದು ಹೇಗೆ, ಅಲ್ವಾ?

ಉಬುಂಟುನಲ್ಲಿ ಎಲ್‌ಎಸ್‌ಪಿಸಿಐ (ಪಿಸಿಐ ಕಾರ್ಡ್‌ಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟರೆ ಕಾರ್ಡ್ ಕಾಣುತ್ತದೆ. ವೆಂಡರ್ ಐಡಿ 10ಇಇ, 4 ಕೆ ಮೆಮೊರಿ, ವಿಳಾಸ ಎಲ್ಲಾ ಸರಿ ಇದೆ. ಆದರೆ ಡೆವ್ ಮೆಮ್ (ಪಿಸಿಯ ಮೆಮೊರಿ ವಿಳಾಸಗಳನ್ನು ನೇರವಾಗಿ ಮುಟ್ಟಲು ಬಿಡುವ ಫೈಲ್) ತೆರೆಯಲು ಹೋದರೆ "ಆಪರೇಷನ್ ನಾಟ್ ಪರ್ಮಿಟೆಡ್" ಅನ್ನುತ್ತದೆ. ಸುಡೋ ಹಾಕಿ, ಅಂದರೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿಯೇ ನಡೆಸಿದ್ದೇನೆ. ರೂಟ್‌ಗೇ ಬಾಗಿಲು ಮುಚ್ಚಿದರೆ ಇನ್ನು ಯಾರನ್ನು ಕೇಳಬೇಕು?

ಇನ್ನೊಂದು ವಿಷಯ. ಬೆಳಿಗ್ಗೆ ಮೊದಲ ಸಲ ಪಿಸಿ ಆನ್ ಮಾಡಿದಾಗ ಕಾರ್ಡ್ ಕಾಣುವುದೇ ಇಲ್ಲ. ರೀಸ್ಟಾರ್ಟ್ ಮಾಡಿದರೆ ಕಾಣುತ್ತದೆ. ಸೋಲ್ಡರಿಂಗ್ ಸರಿ ಕೂತಿಲ್ಲ ಅಂತ ಎರಡು ದಿನದಿಂದ ಲೆನ್ಸ್ ಹಿಡಿದು ಒಂದೊಂದೇ ಜಾಗ ನೋಡುತ್ತಿದ್ದೇನೆ.

ಉತ್ತರ 1

ಡಿಎಂಇಎಸ್‌ಜಿ (ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಕಮಾಂಡ್) ನೋಡಿ. "ಲಾಕ್‌ಡೌನ್" ಅಂತ ಒಂದು ಸಾಲು ಇರಬೇಕು. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರ್‌ನಿಂದ ಮಾತ್ರ ಪಿಸಿ ಶುರುವಾಗಲು ಬಿಡುವ ವ್ಯವಸ್ಥೆ) ಆನ್ ಇದ್ದರೆ ಉಬುಂಟು ಕರ್ನಲ್ ರೂಟ್‌ಗೂ ಡೆವ್ ಮೆಮ್ ಮುಟ್ಟಲು ಬಿಡುವುದಿಲ್ಲ. ಪರೀಕ್ಷೆಯ ಪಿಸಿಯಲ್ಲಿ ಮಾತ್ರ ಸೆಕ್ಯೂರ್ ಬೂಟ್ ಆಫ್ ಮಾಡಿ. ದಿನಬಳಕೆಯ ಲ್ಯಾಪ್‌ಟಾಪ್‌ನಲ್ಲಿ ಬೇಡ.

ಉತ್ತರ 2

ಲೆನ್ಸ್ ಕೆಳಗಿಡಿ. ನಿಮ್ಮ ಸೋಲ್ಡರಿಂಗ್ ಮೇಲೆ ನನಗೆ ಅನುಮಾನವಿಲ್ಲ. ಸ್ಲಾಟ್‌ಗೆ ಪವರ್ ಬಂದು ಸ್ಥಿರವಾದ ಮೇಲೆ ಕನಿಷ್ಠ 100 ಮಿಲಿಸೆಕೆಂಡ್ ರೀಸೆಟ್ ಹಿಡಿದಿರುತ್ತಾರೆ. ಆಮೇಲೆ ಬಯಾಸ್ ಕಾರ್ಡ್‌ಗಳನ್ನು ಎಣಿಸಿ ಮುಂದೆ ಹೋಗುತ್ತದೆ. ನಿಮ್ಮ 35ಟಿಯ ಬಿಟ್‌ಸ್ಟ್ರೀಮ್ (ಪವರ್ ಬಂದಾಗಲೆಲ್ಲ ಎಫ್‌ಪಿಜಿಎಗೆ ತುಂಬಬೇಕಾದ ಡಿಸೈನ್‌ನ ಡೇಟಾ) ಸುಮಾರು 1.75 ಕೋಟಿ ಬಿಟ್. ಅದನ್ನು ಇಟ್ಟಿರುವ ಫ್ಲ್ಯಾಶ್ ಚಿಪ್‌ನಿಂದ ಒಂದೊಂದೇ ಬಿಟ್, ಡಿಫಾಲ್ಟ್ 3 ಮೆಗಾಹರ್ಟ್ಸ್‌ನಲ್ಲಿ ಬಂದರೆ ಹತ್ತಿರ ಹತ್ತಿರ 6 ಸೆಕೆಂಡ್ ಬೇಕು. ಎಣಿಸುವ ಹೊತ್ತಿಗೆ ಎಫ್‌ಪಿಜಿಎ ಇನ್ನೂ ಎದ್ದಿರುವುದಿಲ್ಲ. ರೀಸ್ಟಾರ್ಟ್‌ನಲ್ಲಿ ಪವರ್ ಹೋಗುವುದಿಲ್ಲ, ಅದಕ್ಕೇ ಕಾಣುತ್ತದೆ. ಫ್ಲ್ಯಾಶ್‌ಗೆ ನಾಲ್ಕು ತಂತಿ ಎಳೆದಿದ್ದರೆ ನಾಲ್ಕು ಬಿಟ್ ಮೋಡ್, 50 ಮೆಗಾಹರ್ಟ್ಸ್ ಹಾಕಿ. 90 ಮಿಲಿಸೆಕೆಂಡ್ ಒಳಗೆ ಬರುತ್ತದೆ. ಕಂಪ್ರೆಷನ್ ಆನ್ ಮಾಡಿದರೆ ಇನ್ನೂ ಬೇಗ.

ಡೆವ್ ಮೆಮ್ ಬಿಟ್ಟುಬಿಡಿ. ವಿಳಾಸ ಒಂದು ಅಂಕಿ ತಪ್ಪಿದರೆ ಬೇರೆ ಯಾರದೋ ಮೆಮೊರಿಗೆ ಬರೆದಿರುತ್ತೀರಿ. ಸಿಸ್ ಕೆಳಗೆ ಬಸ್, ಪಿಸಿಐ, ಡಿವೈಸಸ್ ಅಂತ ಹೋದರೆ ನಿಮ್ಮ ಕಾರ್ಡಿನ ಫೋಲ್ಡರ್ ಇದೆ. ಅದರಲ್ಲಿ ರಿಸೋರ್ಸ್0 ಎಂಬ ಫೈಲ್ ಇದೆ. ಅದೇ ನಿಮ್ಮ ಬಾರ್ 0. ಅದನ್ನು ಎಂಮ್ಯಾಪ್ ಮಾಡಿ (ಫೈಲನ್ನು ಪ್ರೋಗ್ರಾಂನ ಮೆಮೊರಿಯಂತೆ ಕಾಣಿಸಿ), ಸಿ ಭಾಷೆಯ 32 ಬಿಟ್‌ನ ವೊಲಟೈಲ್ (ಪ್ರತಿ ಸಲವೂ ನಿಜವಾಗಿ ಓದು ಎನ್ನುವ ಗುರುತು) ಪಾಯಿಂಟರ್‌ನಿಂದ ಓದಿ. ಮೆಮೊರಿ ಬಾರ್‌ಗೆ ಫೈಲ್ ಓದುವ ಕಮಾಂಡ್‌ಗಳಾದ ಕ್ಯಾಟ್, ಡಿಡಿ ಯಾವುದೂ ನಡೆಯುವುದಿಲ್ಲ. ವೊಲಟೈಲ್ ಮರೆತರೆ ಕಂಪೈಲರ್ ಒಂದು ಸಲ ಓದಿದ್ದನ್ನೇ ಮತ್ತೆ ಮತ್ತೆ ಕೊಡುತ್ತದೆ. ನಾವು ಕಾರ್ಡ್ ಸತ್ತಿದೆ ಅಂದುಕೊಳ್ಳುತ್ತೇವೆ. ನನ್ನ ಮೊದಲ ಬೋರ್ಡಿನಲ್ಲಿ ಒಂದು ಇಡೀ ಭಾನುವಾರ ಹೀಗೆ ಹೋಗಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದ ಸರ್. ಲಾಕ್‌ಡೌನ್ ಸಾಲು ಇತ್ತು. ಸೆಕ್ಯೂರ್ ಬೂಟ್ ತೆಗೆದೆ, ರಿಸೋರ್ಸ್0 ಮ್ಯಾಪ್ ಆಯಿತು. ಆದರೆ ಎಲ್ಲಿ ಓದಿದರೂ ಎಂಟು ಎಫ್ (ಹೆಕ್ಸ್‌ನಲ್ಲಿ ಎಲ್ಲಾ ಬಿಟ್ 1). 4 ಕೆಬಿ ಪೂರ್ತಿ ಎಫ್.

ಉತ್ತರ 2

ಎಲ್‌ಎಸ್‌ಪಿಸಿಐಗೆ ಮೈನಸ್ ವಿ ಕೊಟ್ಟು ನೋಡಿ. ಮೆಮೊರಿ ಸಾಲಿನಲ್ಲಿ "ಡಿಸೇಬಲ್ಡ್" ಅಂತ ಇರುತ್ತದೆ. ಕಾರ್ಡ್‌ಗೆ ವಿಳಾಸ ಕೊಟ್ಟಿದ್ದಾರೆ, ಆ ವಿಳಾಸಕ್ಕೆ ಓಗೊಡು ಅಂತ ಯಾರೂ ಹೇಳಿಲ್ಲ. ಆ ಕೆಲಸ ಸಾಮಾನ್ಯವಾಗಿ ಡ್ರೈವರ್‌ನದು, ನಿಮಗೆ ಡ್ರೈವರ್ ಇಲ್ಲ. ಯಾರೂ ಉತ್ತರ ಕೊಡದಿದ್ದಾಗ ಪಿಸಿ ಎಲ್ಲಾ ಬಿಟ್ 1 ಮಾಡಿ ಕೈಗಿಡುತ್ತದೆ. ಅದೇ ಫೋಲ್ಡರ್‌ನ ಎನೇಬಲ್ ಫೈಲ್‌ಗೆ 1 ಬರೆಯಿರಿ. ಅದರಿಂದ ಕಾರ್ಡಿನ ಕಮಾಂಡ್ ರಿಜಿಸ್ಟರ್‌ನಲ್ಲಿ 'ಮೆಮೊರಿ ವಿಳಾಸಕ್ಕೆ ಓಗೊಡು' ಎನ್ನುವ 1ನೇ ನಂಬರಿನ ಬಿಟ್ ಆನ್ ಆಗುತ್ತದೆ.

ಪ್ರಶ್ನೆ ಕೇಳಿದವರು

ಬಂತು ಸರ್! 12345678. ಸ್ಕ್ರೀನ್ ಮೇಲೆ ಅದನ್ನು ನೋಡಿ ಕೈ ನಡುಗಿತು. ನಾಲ್ಕು ತಿಂಗಳ ಕೆಲಸ.

ಬರೆದು ವಾಪಸ್ ಓದುವುದೂ ಆಗುತ್ತಿದೆ. ಒಂದೇ ಒಂದು ವಿಚಿತ್ರ. ಬೇಗ ಆಗಲಿ ಅಂತ 64 ಬಿಟ್ ಪಾಯಿಂಟರ್‌ನಿಂದ ಬರೆದರೆ ಮೊದಲ ನಾಲ್ಕು ಬೈಟ್ ಹೋಗುತ್ತದೆ, ಮುಂದಿನ ನಾಲ್ಕು ಹೋಗುವುದಿಲ್ಲ. ಇನ್ನು ಜೆಟ್ಯಾಗ್‌ನಿಂದ (ಕೇಬಲ್ ಮೂಲಕ ಎಫ್‌ಪಿಜಿಎಗೆ ನೇರವಾಗಿ ಲೋಡ್ ಮಾಡುವ ದಾರಿ) ಹೊಸ ಡಿಸೈನ್ ಹಾಕಿದ ಮೇಲೆ ಮತ್ತೆ ಎಲ್ಲಾ ಎಫ್.

ಉತ್ತರ 1

64 ಬಿಟ್ ಒಂದೇ ಪ್ಯಾಕೆಟ್‌ನಲ್ಲಿ 32 ಬಿಟ್‌ನ ಎರಡು ಪದವಾಗಿ ಬರುತ್ತದೆ. ಆರ್ಟಿಕ್ಸ್ ಮಾಡುವ ಝೈಲಿಂಕ್ಸ್ ಕೊಡುವ ಪಿಐಒ ಎಂಬ ಮಾದರಿ ಡಿಸೈನ್ ಇಟ್ಟುಕೊಂಡು ಶುರು ಮಾಡಿದ್ದೀರಾ? ಅದು ಪ್ಯಾಕೆಟ್‌ಗೆ ಒಂದೇ ಪದ ತೆಗೆದುಕೊಳ್ಳುತ್ತದೆ. ಸದ್ಯಕ್ಕೆ 32 ಬಿಟ್‌ನಲ್ಲೇ ಬರೆಯಿರಿ, ಮೆಮ್‌ಕಾಪಿ (ಮೆಮೊರಿ ನಕಲು ಮಾಡುವ ಸಿ ಫಂಕ್ಷನ್) ಬೇಡ. ಹಾಗೇ ಒಂದು ಬೈಟ್ ಮಾತ್ರ ಬರೆದು ಪಕ್ಕದ ಮೂರು ಬೈಟ್ ಹಾಳಾಗುತ್ತವಾ ನೋಡಿ. ಹಾಳಾದರೆ ನಿಮ್ಮ ವೆರಿಲಾಗ್ (ಎಫ್‌ಪಿಜಿಎ ಡಿಸೈನ್ ಬರೆಯುವ ಭಾಷೆಯ) ಕೋಡ್, ಯಾವ ಬೈಟ್ ಬರೆಯಬೇಕು ಅಂತ ಹೇಳುವ ಬೈಟ್ ಎನೇಬಲ್ ಗುರುತನ್ನು ನೋಡುತ್ತಿಲ್ಲ ಅಂತ ಅರ್ಥ.

ಉತ್ತರ 2

ಜೆಟ್ಯಾಗ್‌ನಿಂದ ಲೋಡ್ ಮಾಡಿದರೆ ಕಾರ್ಡ್ ತನ್ನ ವಿಳಾಸವನ್ನೇ ಮರೆಯುತ್ತದೆ. ಮೊದಲು ಮ್ಯಾಪ್ ಮಾಡಿರುವ ಪ್ರೋಗ್ರಾಂ ನಿಲ್ಲಿಸಿ. ಕಾರ್ಡಿನ ಫೋಲ್ಡರ್‌ನ ರಿಮೂವ್ ಫೈಲ್‌ಗೆ 1 ಬರೆಯಿರಿ. ಆಮೇಲೆ ಲೋಡ್ ಮಾಡಿ. ಕೊನೆಗೆ ಪಿಸಿಐ ಫೋಲ್ಡರ್‌ನ ರೀಸ್ಕ್ಯಾನ್‌ಗೆ 1 ಬರೆದು, ಎನೇಬಲ್‌ಗೂ ಮತ್ತೆ 1 ಬರೆಯಿರಿ. ಬಾರ್ ಗಾತ್ರ ಹಳೆಯದೇ ಇದ್ದರೆ ಇಷ್ಟು ಸಾಕು. 4 ಕೆಬಿಯಿಂದ 16 ಎಂಬಿಗೆ ಹೋದರೆ ಮೇಲಿನ ಬ್ರಿಡ್ಜ್‌ನಲ್ಲಿ (ಕಾರ್ಡನ್ನು ಪಿಸಿಗೆ ಜೋಡಿಸುವ ಕೊಂಡಿ) ಅಷ್ಟು ವಿಳಾಸದ ಜಾಗ ಸಿಗದೇ ಇರಬಹುದು. ಆಗ ರೀಸ್ಟಾರ್ಟ್ ಮಾಡಿ, ಪವರ್ ಮಾತ್ರ ತೆಗೆಯಬೇಡಿ.