ಅಳಿವೆಯಲ್ಲಿ ಸಿಗಡಿ ಎರೆಗೆ ಯಾವ ಹುಕ್ಕು ಸರಿ? ಎರೆ ಖಾಲಿ, ಮೀನು ಇಲ್ಲ

ತಿಂಗಳಿಗೊಂದು ಗಾಳ:
ಎಲ್ಲರಿಗೂ ನಮಸ್ಕಾರ. ಕೆಲಸ ಬೆಂಗಳೂರಲ್ಲಿ, ಊರು ಹಂಗಾರಕಟ್ಟೆ ಹತ್ತಿರ. ಊರಿಗೆ ಬಂದಾಗೆಲ್ಲ ಕೋಡಿಬೆಂಗ್ರೆ ಅಳಿವೆಯಲ್ಲಿ ಗಾಳ ಹಾಕುತ್ತೇನೆ. ಎರೆ ಸಿಗಡಿ. ಜೀವ ಇರುವುದು ಸಿಕ್ಕರೆ ಅದು, ಇಲ್ಲದಿದ್ದರೆ ಮಾರ್ಕೆಟ್‌ನದ್ದು. ಹುಕ್ಕು 5/0, ಮಾಮೂಲಿ ಜೆ ಆಕಾರದ್ದು. ಸಮುದ್ರಕ್ಕೆ ದೊಡ್ಡದೇ ಬೇಕು ಅಂತ ಅಂಗಡಿಯಲ್ಲಿ ಹೇಳಿದರು, ತೆಗೆದುಕೊಂಡೆ.

ಮೂರು ಸಲದಿಂದ ಒಂದೇ ಪಾಡು. ರಾಡಿನ ತುದಿ ಟಕಟಕ ಅನ್ನುತ್ತದೆ, ಎಳೆದರೆ ಏನೂ ಇಲ್ಲ, ಎರೆ ಮಾತ್ರ ಖಾಲಿ. ಒಂದೇ ಒಂದು ಸಣ್ಣ ಕೆಂಬೇರಿ ಸಿಕ್ಕಿತ್ತು, ಅದೂ ಹುಕ್ಕನ್ನು ಗಂಟಲಿನ ಒಳಗೇ ನುಂಗಿತ್ತು. ವಾಪಸ್ ಬಿಡೋಣ ಅಂತ ಇಕ್ಕಳದಲ್ಲಿ ಬಿಡಿಸಲು ಹೋದೆ, ಕಿವಿರಿನಿಂದ ರಕ್ತ ಬಂದು ಕೈಯಲ್ಲೇ ಸತ್ತಿತು. ತುಂಬಾ ಬೇಜಾರಾಯಿತು. ಸರ್ಕಲ್ ಹುಕ್ಕು ಹಾಕಬೇಕಾ? ಯಾವ ನಂಬರ್?

ಬೆಂಗ್ರೆ ದಂಡೆ:
ಸಮುದ್ರ ದೊಡ್ಡದು ಅಂತ ಹುಕ್ಕು ದೊಡ್ಡದಾಗಬೇಕಿಲ್ಲ. ಮೊದಲು ಎರೆ ನೋಡಿ, ಆಮೇಲೆ ಮೀನಿನ ಬಾಯಿ ನೋಡಿ, ಹುಕ್ಕು ಕೊನೆಗೆ. ಬೆರಳುದ್ದದ ಸಿಗಡಿಗೆ 5/0 ಹಾಕಿದರೆ ಆ ಭಾರಕ್ಕೆ ಅದು ಈಜುವುದೇ ಇಲ್ಲ, ತಳದಲ್ಲಿ ಬಿದ್ದಿರುತ್ತದೆ. ಸಣ್ಣ ಮೀನುಗಳು ಬಂದು ಅಂಚಿನಿಂದ ಕಿತ್ತು ತಿನ್ನುತ್ತವೆ, ಅವುಗಳ ಬಾಯಿಗೆ ಆ ಹುಕ್ಕು ಹಿಡಿಸುವುದೇ ಇಲ್ಲ. ನಿಮ್ಮ ಟಕಟಕ ಅದೇ.

ನಂಬರ್ ಲೆಕ್ಕ ಹೊಸಬರಿಗೆ ಗೊಂದಲ ಮಾಡುತ್ತದೆ. ಬರೀ ಅಂಕಿ ಇದ್ದರೆ, ಅಂದರೆ 8, 6, 4, 2, 1, ಅಂಕಿ ಇಳಿದಂತೆ ಹುಕ್ಕು ದೊಡ್ಡದು. ಮುಂದೆ ಸೊನ್ನೆ ಸೇರಿದರೆ ತಿರುಗುತ್ತದೆ, 1/0ಗಿಂತ 2/0 ದೊಡ್ಡದು, 2/0ಗಿಂತ 5/0 ದೊಡ್ಡದು. ಮಸ್ಟಡ್ ಕಂಪನಿಯ 2/0, ಗಮಕಾಟ್ಸು ಕಂಪನಿಯ 2/0 ಪಕ್ಕಪಕ್ಕ ಇಟ್ಟರೆ ಒಂದೇ ಅಳತೆ ಇರಬೇಕೆಂದಿಲ್ಲ, ಹಾಗಾಗಿ ಪ್ಯಾಕೆಟ್ ಮೇಲಿನ ನಂಬರ್ ನಂಬಬೇಡಿ, ಕಣ್ಣಳತೆ ನಂಬಿ. ಎರೆ ಚುಚ್ಚಿದ ಮೇಲೂ ಮೊನೆ ಮತ್ತು ಹುಕ್ಕಿನ ಕಾಲಿನ (ನೆಟ್ಟಗಿರುವ ಭಾಗ) ನಡುವೆ ಖಾಲಿ ಜಾಗ ಉಳಿಯಬೇಕು, ಮೊನೆ ಹೊರಗೆ ಕಾಣಬೇಕು. ಆ ಜಾಗವನ್ನೆಲ್ಲ ಮಾಂಸದಿಂದ ತುಂಬಿಸಿದರೆ ಮೀನಿನ ತುಟಿ ಹೋಗುವುದಾದರೂ ಎಲ್ಲಿಗೆ?

ನಾನು ಹಾಕುವುದು ಹೇಳುತ್ತೇನೆ. ಜೀವದ ಸಿಗಡಿಗೆ ತೆಳು ತಂತಿಯ ಹುಕ್ಕು, 1ರಿಂದ 2/0 ಒಳಗೆ. ಸಿಗಡಿಯ ತಲೆಯ ಮೇಲೆ ಗರಗಸದ ಹಾಗೆ ಒಂದು ಕೊಂಬು ಇದೆ ಅಲ್ವಾ, ಅದರ ಬುಡದಲ್ಲಿ ಚಿಪ್ಪಿನ ಒಳಗೆ ಕಪ್ಪು ಚುಕ್ಕೆ ಕಾಣುತ್ತದೆ. ಚುಕ್ಕೆಗೆ ತಾಗಿದರೆ ಸಿಗಡಿ ಆಗಲೇ ಸತ್ತಿತು. ಚುಕ್ಕೆಗಿಂತ ಸ್ವಲ್ಪ ಮುಂದೆ, ಕೊಂಬಿನ ಕೆಳಗೆ ಅಡ್ಡಕ್ಕೆ ಚುಚ್ಚಿ, ತುಂಬಾ ಹೊತ್ತು ಕಾಲು ಆಡಿಸುತ್ತಲೇ ಇರುತ್ತದೆ. ಕಾಣೆ ಮೀನಿಗಾದರೆ ಬಾಯಿ ಸಣ್ಣದು, 6 ಅಥವಾ 8 ನಂಬರಿನ ಉದ್ದ ಕಾಲಿನ ಹುಕ್ಕು, ಸಣ್ಣ ಸಿಗಡಿ ತುಂಡು ಸಾಕು. ಉದ್ದ ಕಾಲಿದ್ದರೆ ಹಿಡಿದು ಬಿಡಿಸುವುದೂ ಸುಲಭ. ನಿಮ್ಮ 5/0 ಬಿಸಾಡಬೇಡಿ, ಕಲ್ಲಿನ ಹತ್ತಿರ ಬೂತಾಯಿ ಮೀನಿನ ತುಂಡು ಅಥವಾ ಬೊಂಡಾಸ್ (ಸ್ಕ್ವಿಡ್) ಪಟ್ಟಿ ಹಾಕಿ ಮುರು ಮೀನಿಗೆ ಕಾಯುವಾಗ ಅದೇ ಬೇಕು. ಅಲ್ಲಿ ದಪ್ಪ ತಂತಿ ಇರಲಿ, ಮುರು ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ ನುಗ್ಗುತ್ತದೆ, ತೆಳು ಹುಕ್ಕು ನೆಟ್ಟಗಾಗಿ ವಾಪಸ್ ಬರುತ್ತದೆ.

ಕಾಳಿ ಕಡೆಯವ:
ಮೇಲಿನ ಮಾತು ಸರಿ. ನುಂಗುವ ವಿಷಯಕ್ಕೆ ಮಾತ್ರ ನನ್ನದೊಂದು ಸೇರಿಸುತ್ತೇನೆ.

ಸರ್ಕಲ್ ಹುಕ್ಕಿನ ಮೊನೆ ಒಳಕ್ಕೆ, ಕಾಲಿನ ಕಡೆಗೆ ತಿರುಗಿರುತ್ತದೆ. ನೋಡಿದರೆ ಇದರಲ್ಲಿ ಮೀನು ಹೇಗೆ ಸಿಗುತ್ತದೆ ಅನ್ನಿಸುತ್ತದೆ. ಮೀನು ನುಂಗಿ ತಿರುಗಿ ಹೊರಟಾಗ ಲೈನ್ ಬಿಗಿಯಾಗಿ ಹುಕ್ಕು ಗಂಟಲಿನಿಂದ ಜಾರಿ ಬರುತ್ತದೆ, ಬಾಯಿಯ ಮೂಲೆಗೆ ಬಂದಾಗ ಹೊರಳಿ ದವಡೆಗೆ ಕೂರುತ್ತದೆ. ಹಾಗಾಗಿ ಜರ್ಕ್ ಕೊಡಲೇಬಾರದು. ಜೆ ಹುಕ್ಕಿನ ಅಭ್ಯಾಸ ಇರುವವರು ಟಕ್ ಅಂದ ಕೂಡಲೇ ರಾಡ್ ಎತ್ತಿ ಎಳೆಯುತ್ತಾರೆ, ಹುಕ್ಕು ಹಾಗೇ ಬಾಯಿಂದ ಹೊರಗೆ ಬರುತ್ತದೆ, ಆಮೇಲೆ ಸರ್ಕಲ್ ಸರಿ ಇಲ್ಲ ಅನ್ನುತ್ತಾರೆ. ರಾಡ್ ಬಾಗಲಿ. ಬಾಗಿ ಹಾಗೇ ನಿಲ್ಲಲಿ. ಆಗ ಸುಮ್ನೆ ರೀಲ್ ಸುತ್ತುತ್ತಾ ಹೋಗಿ.

ಕೊಳ್ಳುವಾಗ ಹುಕ್ಕನ್ನು ಮೇಜಿನ ಮೇಲೆ ಮಲಗಿಸಿ ನೋಡಿ. ಚಪ್ಪಟೆಯಾಗಿ ಮಲಗಬೇಕು. ಮೊನೆ ಪಕ್ಕಕ್ಕೆ ಜಾಸ್ತಿ ತಿರುಚಿದ್ದರೆ ಅದೂ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಟ್ಯಾಂಪಾ ಕನ್ನಡಿಗ:
ನಾನಿರುವ ಫ್ಲೋರಿಡಾ ಕಡೆ ಇದು ಕಾನೂನೇ. ಗಲ್ಫ್ ಆಫ್ ಮೆಕ್ಸಿಕೋದ ಫೆಡರಲ್ ನೀರಿನಲ್ಲಿ ಸ್ನ್ಯಾಪರ್, ಗ್ರೂಪರ್‌ನಂಥ ಕಲ್ಲುಮೀನುಗಳಿಗೆ ನಿಜವಾದ ಎರೆ ಹಾಕುವುದಾದರೆ 2008ರಿಂದ ಸರ್ಕಲ್ ಹುಕ್ಕೇ ಹಾಕಬೇಕು, ಅದೂ ಸ್ಟೇನ್‌ಲೆಸ್ ಆಗಿರಬಾರದು. ಲೈನ್ ಕಡಿದು ಹುಕ್ಕು ಮೀನಿನಲ್ಲೇ ಉಳಿದರೆ ಮಾಮೂಲಿ ಉಕ್ಕು ಕ್ರಮೇಣ ತುಕ್ಕು ಹಿಡಿದು ಸವೆಯುತ್ತದೆ, ಸ್ಟೇನ್‌ಲೆಸ್ ಬಹಳ ಕಾಲ ಹಾಗೇ ಇರುತ್ತದೆ. ತುಕ್ಕು ಬರಲ್ಲ ಅಂತ ಸ್ಟೇನ್‌ಲೆಸ್ ಹುಡುಕಬೇಡಿ.

ತಿಂಗಳಿಗೊಂದು ಗಾಳ:
ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಎರಡು ಸಂದೇಹ. ಸರ್ಕಲ್ ಹಾಕಿದ ಮೇಲೂ ಮೀನು ನುಂಗಿದರೆ ಏನು ಮಾಡಲಿ? ಡಬ್ಬಿಯಲ್ಲಿರುವ ಹಳೇ ಹುಕ್ಕುಗಳಿಗೆ ಸ್ವಲ್ಪ ತುಕ್ಕು ಹಿಡಿದಿದೆ, ಬಳಸಬಹುದಾ?

ಬೆಂಗ್ರೆ ದಂಡೆ:
ನುಂಗಿದರೆ ಬಿಡಿಸಲು ಹೋಗಬೇಡಿ. ಬಾಯಿಯ ಹತ್ತಿರ ಲೈನ್ ಕತ್ತರಿಸಿ, ಮೀನನ್ನು ನೀರಿನಿಂದ ಜಾಸ್ತಿ ಹೊತ್ತು ಹೊರಗಿಡದೆ ಬಿಟ್ಟುಬಿಡಿ. ಗಂಟಲಿಗೆ ಇಕ್ಕಳ ಹಾಕುವುದಕ್ಕಿಂತ ಅದು ಬದುಕುವ ಸಾಧ್ಯತೆ ಜಾಸ್ತಿ. ವಾಪಸ್ ಬಿಡುವ ಉದ್ದೇಶವೇ ಇದ್ದರೆ ಮೊದಲೇ ಇಕ್ಕಳದಲ್ಲಿ ಹುಕ್ಕಿನ ಹಿಮ್ಮುಳ್ಳನ್ನು (ಮೊನೆಯ ಹಿಂದಿನ ಸಣ್ಣ ಮುಳ್ಳು) ಒತ್ತಿ ಮಲಗಿಸಿ, ಲೈನ್ ಸಡಿಲ ಬಿಡದಿದ್ದರೆ ಮೀನು ತಪ್ಪುವುದು ಕಡಿಮೆ.

ಹಳೇ ಹುಕ್ಕಿಗೆ ಹೆಬ್ಬೆರಳಿನ ಉಗುರು ಸಾಕು. ಮೊನೆಯನ್ನು ಉಗುರಿನ ಮೇಲೆ ಓರೆಯಾಗಿ ಇಟ್ಟು, ಒತ್ತದೆ ಎಳೆಯಿರಿ. ಕಚ್ಚಿಕೊಂಡು ನಿಂತರೆ ಚೂಪಾಗಿದೆ, ಜಾರಿದರೆ ಮೊಂಡಾಗಿದೆ. ಮೊನೆಗೇ ತುಕ್ಕು ತಿಂದಿದ್ದರೆ ಬಿಸಾಡಿ, ಆದರೆ ದಂಡೆಯಲ್ಲಿ ಮಾತ್ರ ಬೇಡ, ಅಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ. ಇನ್ನು ಮುಂದೆ ಮನೆಗೆ ಬಂದ ಮೇಲೆ ಸಿಹಿ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಡಬ್ಬಿಗೆ ಹಾಕಿ. ಒಂದು ಒದ್ದೆ ಹುಕ್ಕು ಒಳಗೆ ಹೋದರೆ ಪಕ್ಕದ ಹತ್ತಕ್ಕೂ ತುಕ್ಕು.

ಮುಂದಿನ ಸಲ ಬರುವಾಗ 1/0 ಸರ್ಕಲ್ ಒಂದು ಪ್ಯಾಕೆಟ್, ಕಾಣೆಗೆ 6 ನಂಬರ್ ಒಂದು ಪ್ಯಾಕೆಟ್ ತನ್ನಿ. ಉಬ್ಬರ ಏರುವ ಹೊತ್ತಿಗೆ ಹಾಕಿ ನೋಡಿ, ಏನಾಯಿತು ಅಂತ ಇಲ್ಲೇ ಬರೆಯಿರಿ.