ಅಡಿಗಿಮನಿ ನೆಲದ ಕೆಳಗ ನೀರು ಸೋರಾಕತ್ತಾವ, ಟೈಲ್ಸ್ ಎಲ್ಲಾ ಒಡಸಬೇಕೇನ್ರಿ?

ಪ್ರಶ್ನೆ (ಕೇಶ್ವಾಪುರ, ಹುಬ್ಬಳ್ಳಿ):

ನಮಸ್ಕಾರ ಅಣ್ಣಾರ. ನಮ್ಮ ಮನಿ 1998ರಾಗ ಕಟ್ಟಿದ್ದು. ಅಡಿಗಿಮನಿಗೆ ಟೈಲ್ಸ್ ಹಾಕಿಸಿ ಒಂಬತ್ತು ವರ್ಷ ಆತು. ಮೂರು ವಾರದಿಂದ ಸಿಂಕಿನ ಮುಂದಿನ ಟೈಲ್ಸ್ ಸಂದಿ ಎಷ್ಟು ಒರಸಿದ್ರೂ ಮತ್ತ ಹಸಿ ಆಗತಾವ. ಆ ಸಂದಿಯೊಳಗಿಂದ ಇರಿವಿ ಸಣ್ಣ ಮಣ್ಣು ಹೊತಗೊಂಡು ಮ್ಯಾಲೆ ಬರಾಕತ್ತಾವ. ಒಂದು ಟೈಲ್ ಮ್ಯಾಲೆ ಕಾಲಿಟ್ರ ಬದ್ ಬದ್ ಅಂತೈತಿ. ಗ್ವಾಡಿ ಬುಡದಾಗ ಒಂದು ಗೇಣು ಎತ್ತರ ಬಣ್ಣ ಉಬ್ಬಿ ಬಿಳಿ ಉಪ್ಪು ಬಿಟ್ಟೈತಿ. ಗೌಂಡಿ ಬಂದು ನೋಡಿ, ಇಡೀ ನೆಲ ಒಡದು ಪೈಪ್ ಹುಡಕಬೇಕು ಅಂದ, ನಲವತ್ತು ಸಾವಿರ ಹೇಳ್ಯಾನ. ನಮ್ಮ ಅತ್ತಿಯವರು ಇದು ಮಳಿಗಾಲದ ಥಂಡಿ, ದಸರಾ ಹೊತ್ತಿಗೆ ತಾನ ಆರತೈತಿ ಅಂತಾರ. ಮೊನ್ನೆ ಅವರ ಅಲ್ಲೇ ಕಾಲು ಜಾರಿದ್ರು, ಕಟ್ಟಿ ಹಿಡಕೊಂಡಿದ್ದಕ್ಕ ಉಳದ್ರು. ನಳದ ನೀರು ಐದಾರು ದಿನಕ್ಕೊಮ್ಮೆ ಬಂದು ಸಂಪಿಗೆ ಬೀಳತಾವ, ಅಲ್ಲಿಂದ ಮೋಟರ್ ಹಚ್ಚಿ ಮ್ಯಾಲಿನ ಸಾವಿರ ಲೀಟರ್ ಟ್ಯಾಂಕಿಗೆ ಏರಸತೀವಿ. ಏನು ಮಾಡಲಿ?

ಉತ್ತರ (ಪ್ಲಂಬರ್, ಹುಬ್ಬಳ್ಳಿ):

ಅಕ್ಕಾರ, ಗೌಂಡಿಗೆ ಎಂಟು ದಿನ ತಡಿ ಅನ್ರಿ. ಈ ಕೆಲಸದಾಗ ನನಗ ಇಪ್ಪತ್ತೆರಡು ವರ್ಷ ಆತು. ಮೊದಲ ನೆಲ ಒಡದು ಆಮ್ಯಾಲೆ ಹುಡಕಿದ ಮನಿಗೋಳು ಬಾಳ ನೋಡೀನಿ, ಪೈಪು ನೆಟ್ಟಗ ಇದ್ದು ಟೈಲ್ಸ್ ಅಷ್ಟ ಹಾಳಾಗಿರತಾವ. ಹಸಿ ಕಂಡಲ್ಲೇ ತೂತು ಇರತೈತಿ ಅಂತ ಏನಿಲ್ಲ. ಕೆಳಗ ಗರಸಿನ ಭರ್ತಿ ಇರತೈತಿ. ನೀರು ಪೈಪಿನ ಗುಂಟ ಎಂಟು ಹತ್ತು ಅಡಿ ಹರದು ಎಲ್ಲಿ ಸಂದಿ ಸಡಲ ಐತೋ ಅಲ್ಲಿ ಏಳತಾವ.

ಎಲ್ಲಾಕ್ಕಿಂತ ಮೊದಲ ಕರೆಂಟ್ ನೋಡ್ರಿ. ಹಸಿ ನೆಲದ ಮ್ಯಾಲೆ ನಿಂತು ಫ್ರಿಜ್ ಮುಟ್ಟಿದಾಗ ಕೈ ಜುಮ್ ಅಂದ್ರ ಮೇನ್ ಬಂದ್ ಮಾಡಿ ವೈರಿಂಗ್‌ನವರನ್ನ ಕರೀರಿ, ನಮ್ಮ ಕೆಲಸ ಆಮ್ಯಾಲೆ. ಅತ್ತಿಯವರು ಓಡಾಡೋ ಕಡೆ ಗೋಣಿಚೀಲ ಹಾಸ್ರಿ.

ಅತ್ತಿಯವರ ಮಾತು ಖರೇ ಇರಬಹುದು, ಅದನ್ನೂ ನೋಡೋಣ. ಒಂದೂವರಿ ಅಡಿ ಉದ್ದಗಲದ ದಪ್ಪನ ಪ್ಲಾಸ್ಟಿಕ್ ಹಾಳಿ ತಗೊಂಡು, ನೆಲ ಒರಸಿ, ನಾಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡ್ರಿ. ಹಾಳಿ ಮ್ಯಾಲೆ ಹನಿ ಕೂತಿದ್ರ ಅದು ಗಾಳಿಯಾಗಿನ ಥಂಡಿ. ಹಾಳಿ ಕೆಳಗ ಹನಿ ಇದ್ರ ನೀರು ನೆಲದೊಳಗಿಂದ ಬರಾಕತ್ತಾವ.

ಆಮ್ಯಾಲೆ ಟ್ಯಾಂಕು. ರಾತ್ರಿ ಎಲ್ಲಾ ನಳ ಬಂದ್ ಮಾಡಿ ಟ್ಯಾಂಕಿನೊಳಗ ಒಂದು ಕೋಲು ಇಳಸಿ ನೀರಿನ ಮಟ್ಟಕ್ಕ ಗುರುತು ಮಾಡ್ರಿ, ಮುಂಜಾನೆ ಮತ್ತ ಇಳಸಿ ನೋಡ್ರಿ. ಸಾವಿರ ಲೀಟರ್ ಟ್ಯಾಂಕು ಸುಮಾರು ಮೂರೂವರಿ ಅಡಿ ಅಗಲ ಇರತೈತಿ. ಒಂದು ಸೆಂಟಿಮೀಟರ್ ಇಳದಿದ್ರ ಹತ್ತಿರ ಹತ್ತಿರ ಒಂಬತ್ತು ಲೀಟರ್ ಹೋದಂಗ. ಇಳದಿದ್ರ ಮರುದಿನ ರಾತ್ರಿ ಮಾಳಗಿ ಮ್ಯಾಲೆ ಅಡಿಗಿಮನಿ ಲೈನಿನ ವಾಲ್ ಅಷ್ಟ ಬಂದ್ ಮಾಡಿ ಕೋಲಿನ ಗುರುತು ಮತ್ತ ನೋಡ್ರಿ, ಆಗ ಇಳೀಲಿಲ್ಲ ಅಂದ್ರ ಸೋರೋದು ಅಡಿಗಿಮನಿ ಲೈನು. ಸಂಡಾಸಿನ ಫ್ಲಶ್ ಟ್ಯಾಂಕಿನ್ಯಾಗ ಬಟ್ಟಿಗೆ ಹಾಕೋ ನೀಲಿ ನಾಕು ಹನಿ ಬಿಡ್ರಿ. ಒತ್ತದನ ಕೆಳಗ ನೀಲಿ ಬಂದ್ರ ನೀರು ಹೋಗೋ ಹಾದಿ ಅದು.

ಮೂರನೇದು ಸಿಂಕಿನ ನೀರು ಹೋಗೋ ಪೈಪು. ಎರಡು ದಿನ ಭಾಂಡೆ ಹಿತ್ತಲದಾಗ ತಿಕ್ಕ್ರಿ, ಸಿಂಕಿಗೆ ಒಂದು ಹನಿ ಬೀಳಬಾರದು. ಆರ್‌ಓ ಮಶೀನಿನ ಹೊಲಸು ನೀರಿನ ಸಣ್ಣ ಪೈಪನ್ನ ಬಕೀಟಿಗೆ ಬಿಡ್ರಿ. ಅದು ಸಿಂಕಿನ ಕೆಳಗ ಜಾರಿಬಿದ್ದು ತಿಂಗಳುಗಟ್ಟಲೆ ಸೋರಿದ್ದು ಐತಿ. ನಾಕನೇದು, ನಳ ಬಂದ ದಿನ ಹಸಿ ಹೆಚ್ಚಾಗತೈತೇನು ಅಂತ ಕ್ಯಾಲೆಂಡರ್ ಮ್ಯಾಲೆ ಬರೀರಿ. ರಸ್ತೆಯಿಂದ ಸಂಪಿಗೆ ಬರೋ ಲೈನು ನಿಮ್ಮ ಮನಿಯೊಳಗ ಎಲ್ಲಿ ಹಾದೈತಿ ಅಂತ ಮನ್ಯಾಗಿನ ಹಿರ್ಯಾರನ್ನ ಕೇಳ್ರಿ.

ಪ್ರಶ್ನೆ ಕೇಳಿದವರು, ಒಂಬತ್ತು ದಿನದ ಮ್ಯಾಲೆ:

ಅಣ್ಣಾರ, ಎಲ್ಲಾ ಮಾಡಿ ನೋಡಿದ್ವಿ. ಹನಿ ಪ್ಲಾಸ್ಟಿಕ್ ಕೆಳಗ ಇದ್ವು. ಟ್ಯಾಂಕು ಮೊದಲನೇ ರಾತ್ರಿ ಎರಡು ಸೆಂಟಿಮೀಟರ್ ಇಳದಿತ್ತು, ಆದ್ರ ನೀಲಿ ಫ್ಲಶ್ಶಿನ್ಯಾಗ ಕಂಡ್ತು. ಅದರ ವಾಷರ್ ಬದಲಿಸಿದ ಮ್ಯಾಲೆ ಗುರುತು ಹಂಗ ಉಳದೈತಿ. ಸಿಂಕು ಎರಡು ದಿನ ಬಂದ್ ಇಟ್ರೂ ನೆಲ ಆರಲಿಲ್ಲ. ಬುಧವಾರ ಮುಂಜಾನೆ ನಳ ಬಂತು, ಮಧ್ಯಾಹ್ನ ಊಟದ ಹೊತ್ತಿಗೆ ಸಂದಿಯೊಳಗಿಂದ ನೀರು ಕಣ್ಣಿಗೆ ಕಾಣೋಹಂಗ ಜಿನಗಾಕತ್ತಿದ್ವು. ಮೊದಲು ಮನಿ ಸಣ್ಣದಿತ್ತಂತ, ಅಡಿಗಿಮನಿ ಆಮ್ಯಾಲೆ ಮುಂದಕ್ಕ ಕಟ್ಟಿದ್ದಂತ. ಹಳೇ ಲೈನು ಅದರ ಕೆಳಗ ಉಳದೈತಿ ಅಂತ ಮಾವನವರು ಹೇಳಿದ್ರು.

ಉತ್ತರ:

ಹಂಗಾದ್ರ ಸಿಕ್ತು. ಆ ಕಾಲದ ಲೈನು ಜಿಐ, ಅಂದ್ರ ಸತುವು ಲೇಪಿಸಿದ ಕಬ್ಬಿಣದ ಪೈಪಿಂದು. ನಮ್ಮ ಹುಬ್ಬಳ್ಳಿ ಎರಿ ಮಣ್ಣು ಮಳಿಗಾಲದಾಗ ಉಬ್ಬತೈತಿ, ಬ್ಯಾಸಗಿಯಾಗ ಅಂಗೈ ಹೋಗುವಷ್ಟು ಬಿರಿತೈತಿ. ವರ್ಷಾ ವರ್ಷಾ ಹಿಂಗ ಜಗ್ಗಿ ಜಗ್ಗಿ ಪೈಪು ಜೋಡಸೋ ಸಾಕೆಟ್ ಸಡಲ ಆಗತಾವ, ತುಕ್ಕು ಉಳದದ್ದನ್ನ ತಿಂತೈತಿ.

ಇನ್ನ ಬಾಳ ಮುಖ್ಯದ ಮಾತು ಹೇಳತೀನಿ, ನೆಲಕ್ಕಿಂತ ದೊಡ್ಡದಿದು. ನಳ ಬಂದಾಗ ಒತ್ತಡಕ್ಕ ನೀರು ತೂತಿನಿಂದ ಹೊರಗ ಬರತಾವ. ನಳ ಹೋದ ಮ್ಯಾಲೆ ಪೈಪು ಖಾಲಿ, ಐದಾರು ದಿನ ಒತ್ತಡ ಇಲ್ಲ. ಹೊರಗ ನಿಂತ ಹೊಲಸು ಅದ ತೂತಿನಿಂದ ಒಳಗ ಹೋಗತೈತಿ. ಮುಂದಿನ ಸಲ ನಳ ಬಿಟ್ಟಾಗ ಮೊದಲ ಅದ ಬಂದು ಸಂಪಿಗೆ ಬೀಳತೈತಿ. ಸವದತ್ತಿಯ ಮಲಪ್ರಭಾ ನೀರನ್ನ ಶುದ್ಧ ಮಾಡಿ ಕಳಿಸಿರತಾರ, ಅದು ಕೆಡೋದು ನಮ್ಮ ಮನಿ ಹೊಸ್ತಿಲದಾಗ. 2008ರಾಗ ಹುಬ್ಬಳ್ಳಿ-ಧಾರವಾಡ ಅವಳಿನಗರದ ಕೆಲವು ವಾರ್ಡಿಗೆ 24 ತಾಸು ನೀರು ಬಂತಲ್ಲ, ಅಲ್ಲಿ ಪೈಪಿನ್ಯಾಗ ಯಾವಾಗಲೂ ಒತ್ತಡ ಇರತೈತಿ, ಈ ಭಯ ಕಡಿಮಿ. ಅಲ್ಲಿಯವರಿಗೆ ಹುಡುಕೋದೂ ಸುಲಭ: ಎಲ್ಲಾ ನಳ ಬಂದ್ ಮಾಡಿ ಮೀಟರಿನ ಸಣ್ಣ ಚಕ್ರ ನೋಡಿದ್ರ ಸಾಕು, ತಿರಗಿದ್ರ ಸೋರಾಕತ್ತೈತಿ. ನೀವು ಮಾತ್ರ ಇವತ್ತಿನಿಂದ ಕುಡಿಯೋ ನೀರು ಕೊತ ಕೊತ ಕುದಿಸಿ ಆರಸಿ ಕುಡೀರಿ. ಲೈನು ಆದ ಮ್ಯಾಲೆ ಸಂಪು, ಟ್ಯಾಂಕು ಎರಡೂ ಖಾಲಿ ಮಾಡಿ ತಿಕ್ಕಿ ತೊಳಸ್ರಿ.

ನೆಲ ಒಡೀಬ್ಯಾಡ್ರಿ. ಹಳೇ ಪೈಪನ್ನ ಹುಡಕಿ ಜೋಡಸಿದ್ರ ಒಂದು ವರ್ಷಕ್ಕ ಅದರ ಪಕ್ಕದಾಗ ಇನ್ನೊಂದು ತೂತು ಬೀಳತೈತಿ. ಅದನ್ನ ಅಲ್ಲೇ ಸಾಯಾಕ ಬಿಟ್ಟು ಮೀಟರಿನ ಮುಂದಿನಿಂದ ಹೊಸಾ ಲೈನು ಕಂಪೌಂಡ್ ಗುಂಟ ಹೊರಗಿಂದ ಸಂಪಿಗೆ ತರ್ರಿ. ಕಪ್ಪು ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್ ಪೈಪು ಎರಿ ಮಣ್ಣಿಗೆ ಛಲೋ, ನೆಲ ಜಗ್ಗಿದ್ರ ತಾನೂ ಬಾಗತೈತಿ, ನಡುವ ಜೋಡಣಿನೂ ಇರೂದಿಲ್ಲ. ಅಡಿಯಾಗ ಉಸುಕು ಹಾಸಿ ಒಂದೂವರಿ ಅಡಿ ಆಳದಾಗ ಮಲಗಿಸ್ರಿ. ಗಟಾರದ ಪೈಪಿನಿಂದ ದೂರ ಇರಲಿ, ದಾಟಲೇಬೇಕಾದ್ರ ಮ್ಯಾಲಿಂದ ದಾಟಿಸ್ರಿ. ಹಳೇ ಪೈಪಿನ ಎರಡೂ ತುದಿಗೆ ಕ್ಯಾಪ್ ಬೀಳಬೇಕು. ಮೀಟರಿನ ಹಿಂದ, ರಸ್ತೆ ಕಡೆ, ನಿಮ್ಮ ಪ್ಲಂಬರ್ ಕೈ ಹಾಕಬಾರದು. ಅದಕ್ಕ ಪಾಲಿಕೆಗೆ ಅರ್ಜಿ ಕೊಡ್ರಿ.

ನಡುವ ಒಂದು ಪ್ರಶ್ನೆ (ಗದಗ):

ನಮ್ಮ ಅಡಿಗಿಮನಿಯಾಗೂ ಹಿಂಗ ಐತ್ರಿ, ಆದ್ರ ನಮ್ಮಲ್ಲಿ ಆ ಕಡೆ ಯಾವ ಪೈಪೂ ಇಲ್ಲ. ಗ್ವಾಡಿ ಆಚಿಗೆ ಬಚ್ಚಲ ಐತಿ.

ಉತ್ತರ:

ಬಚ್ಚಲ ನೋಡ್ರಿ ಅಣ್ಣಾರ. ನೀರು ಹೋಗೋ ಜಾಳಗಿ ಬಾಯಿಗೆ ಬಟ್ಟಿ ತುಂಬಿ ಎರಡು ಇಂಚು ನೀರು ನಿಲ್ಲಿಸಿ ರಾತ್ರಿ ಬಿಡ್ರಿ. ಮಟ್ಟ ಇಳದು ಈ ಕಡೆ ಹಸಿ ಹೆಚ್ಚಾದ್ರ ಬಚ್ಚಲದ ನೆಲ ಸೋರತೈತಿ. ಇಳೀಲಿಲ್ಲ ಅಂದ್ರ ಜಾಳಗಿ ಕೆಳಗಿನ ಪೈಪಿನ ಜೋಡಣಿ ಮ್ಯಾಲೆ ನನಗ ಸಂಶಯ. ಅಲ್ಲಿ ಒಂದು ಫರ್ಸಿ ಎತ್ತಿದ್ರ ಸಾಕು.

ಪ್ರಶ್ನೆ ಕೇಳಿದವರು, ಮತ್ತ ಎರಡು ವಾರಕ್ಕ:

ಲೈನು ಹೊಸದಾತು ಅಣ್ಣಾರ. ಗೌಂಡಿ ಹೇಳಿದ್ದರ ಕಾಲು ಭಾಗ ರೊಕ್ಕಾನೂ ಆಗಲಿಲ್ಲ. ಗೇಟಿನ ಹತ್ರ ಹಳೇ ಪೈಪು ಕೊಯ್ದಾಗ ನೋಡಿದ್ವಿ, ಒಳಗ ತುಕ್ಕು ಗಂಟು ಗಂಟಾಗಿ ಕಟ್ಟಿ ನನ್ನ ಮಗನ ಪೆನ್ಸಿಲ್ ಸುದ್ದಾ ಹಾಯಲಿಲ್ಲ. ಆ ನೀರು ಕುಡದೀವಲ್ಲ ಅಂತ ಅತ್ತಿಯವರು ಬಾಳ ಹೊತ್ತು ಸುಮ್ಮನ ಕೂತಬಿಟ್ರು. ಎರಡು ಸಲ ನಳ ಬಂತು, ಹೊಸಾ ಹಸಿ ಎದ್ದಿಲ್ಲ. ಆ ಬದ್ ಬದ್ ಅನ್ನೋ ಟೈಲ್ ಏನು ಮಾಡಲಿ? ಬಣ್ಣ ಯಾವಾಗ ಹಚ್ಚಸಲಿ?

ಉತ್ತರ:

ಕೆಳಗ ಗರಸು ಕೊಚ್ಚಿಹೋಗಿ ಟೊಳ್ಳು ಬಿದ್ದೈತಿ. ಒಂದು ರೂಪಾಯಿ ನಾಣ್ಯದ್ಲೆ ಸುತ್ತ ಕುಟ್ಟಿ ನೋಡ್ರಿ, ಎಲ್ಲೆಲ್ಲಿ ಬದ್ ಅಂತೈತೋ ಆ ಟೈಲ್ಸ್ ಅಷ್ಟ ಎತ್ತಸ್ರಿ. ಎತ್ತಿ ತಿಂಗಳೊಪ್ಪತ್ತು ತೆರದ ಬಿಡ್ರಿ, ಫ್ಯಾನ್ ಗಾಳಿ ಆಡಲಿ. ಆರಿದ ಮ್ಯಾಲೆ ಗರಸು ತುಂಬಿ ಕುಟ್ಟಿಸಿ, ಮ್ಯಾಲೆ ಕಾಂಕ್ರೀಟ್ ಹಾಕಿಸಿ ಟೈಲ್ಸ್ ಕೂಡಸ್ರಿ. ಗ್ವಾಡಿ ಉಪ್ಪನ್ನ ಒಣ ಬ್ರಶ್‌ಲೆ ಉದರಸ್ರಿ, ನೀರು ಹಚ್ಚಿ ತೊಳದ್ರ ಕರಗಿ ಮತ್ತ ಒಳಗ ಹೋಗತೈತಿ. ಬಣ್ಣಾ ಸಂಕ್ರಾಂತಿ ಆದ ಮ್ಯಾಲೆ ಹಚ್ಚಸ್ರಿ. ಹೊಸಾ ಲೈನಿನ ಗುಂಡಿ ಮುಚ್ಚೀರೇನು? ಮುಚ್ಚಿರದಿದ್ರ ಗ್ವಾಡಿಯಿಂದ ಪೈಪಿನತನಕ ಟೇಪ್ ಹಿಡದು ಒಂದು ಫೋಟೋ ತಗೀರಿ.

ಪ್ರಶ್ನೆ ಕೇಳಿದವರು:

ಅರ್ಧಾ ಮುಚ್ಚಿದ್ವಿ, ಉಳದದ್ದು ಇವತ್ತ ಸಂಜಿಗೆ ತಗೀತೀನ್ರಿ ಅಣ್ಣಾರ. ಮುಚ್ಚಿದ ಕಡೆನೂ ಗ್ವಾಡಿಯಿಂದ ಎರಡು ಅಡಿ ಅಂತ ಮಾವನವರು ಕಂಪೌಂಡ್ ಮ್ಯಾಲೆ ಬಾಣದ ಗುರುತು ಹೊಡದಾರ.