ಮಗಳಿಗೆ ಬ್ರೈಲ್ ಕಲಿಸಬೇಕಾ, ಮಾತಾಡುವ ಫೋನ್ ಸಾಕಾ?

ಮೂಡಿಗೆರೆ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ತಾಲ್ಲೂಕಿನವರು. ಸಣ್ಣ ಕಾಫಿ ತೋಟ, ಜೊತೆಗೆ ಒಂದಿಷ್ಟು ಅಡಿಕೆ. ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಅವಳಿಗೆ ರೆಟಿನಾದ ತೊಂದರೆ ಇದೆ. ಸಂಜೆಯಾದರೆ ಏನೂ ಕಾಣುವುದಿಲ್ಲ. ಹಗಲು ಹೊತ್ತು ದಪ್ಪ ಅಕ್ಷರವಿದ್ದರೆ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದುತ್ತಾಳೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ಅದೂ ಕಷ್ಟವಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ.

ವಿಶೇಷ ಮಕ್ಕಳಿಗೆ ಪಾಠ ಮಾಡುವ ಮೇಡಂ ಹದಿನೈದು ದಿನಕ್ಕೊಮ್ಮೆ ಶಾಲೆಗೆ ಬರುತ್ತಾರೆ. ಹೋದ ತಿಂಗಳು, ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿ ಬರೆಯುವ ಸ್ಲೇಟು, ಹಾಳೆಯಲ್ಲಿ ಚುಕ್ಕಿ ಚುಚ್ಚುವ ಸ್ಟೈಲಸ್ ಕೊಟ್ಟು, ಈಗಲೇ ಶುರು ಮಾಡಿ ಎಂದರು. ಬೆಂಗಳೂರಿನಲ್ಲಿರುವ ನನ್ನ ತಮ್ಮ ಬೇಡ ಅನ್ನುತ್ತಾನೆ. "ಅಕ್ಕಾ, ಈಗ ಫೋನೇ ಎಲ್ಲಾ ಓದಿ ಹೇಳುತ್ತೆ. ಮಗುವಿಗೆ ಸುಮ್ನೆ ಯಾಕೆ ಇನ್ನೊಂದು ಭಾರ?" ಅಂತ ಒಂದು ಟ್ಯಾಬ್ ಕಳಿಸಿದ್ದಾನೆ. ನಮ್ಮತ್ತೆಗೆ ಆ ಸ್ಲೇಟು ಕಂಡರೇ ಅಳು. ಅದನ್ನು ಮುಟ್ಟಿದರೆ ಮಗುವಿಗೆ ಇನ್ನು ಕಣ್ಣಿಲ್ಲ ಎಂದು ನಾವೇ ಒಪ್ಪಿಕೊಂಡ ಹಾಗೆ ಅನ್ನುತ್ತಾರೆ. ಸ್ಲೇಟು ಬೀರುವಿನ ಮೇಲೆ ಹಾಗೇ ಇದೆ.

ಕಣ್ಣಿಲ್ಲದೆ ದಿನಾ ಸಂಸಾರ, ಕೆಲಸ ನಡೆಸುತ್ತಿರುವವರು ದಯವಿಟ್ಟು ಹೇಳಿ. ನಿಮಗೆ ಯಾವುದು ಎಲ್ಲಿ ಕೈಹಿಡಿಯಿತು?

ಹಾಸನದ ಅಂಗಡಿಯವ:

ಅಕ್ಕಾ, ನನಗೆ ಗ್ಲಾಕೋಮಾದಿಂದ ಮೂವತ್ತೆಂಟನೇ ವಯಸ್ಸಿಗೆ ದೃಷ್ಟಿ ಹೋಯಿತು. ಚಿಕ್ಕ ದಿನಸಿ ಅಂಗಡಿ ಇದೆ. ನನಗೆ ಬ್ರೈಲ್ ಬರುವುದಿಲ್ಲ. ಕಲಿಯಲು ಕೂತಿದ್ದೆ. ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಜೋಮು ಹಿಡಿದ ಹಾಗೆ ಇರುತ್ತದೆ, ಚುಕ್ಕಿ ತಿಳಿಯಲೇ ಇಲ್ಲ. ನನ್ನನ್ನು ಮತ್ತೆ ಗಲ್ಲಾಪೆಟ್ಟಿಗೆ ಮುಂದೆ ಕೂರಿಸಿದ್ದು, ಪರದೆಯ ಮೇಲಿದ್ದನ್ನು ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್. ದುಡ್ಡು ಬಂದರೆ ಹೇಳುತ್ತದೆ, ಮೆಸೇಜು ಓದುತ್ತದೆ.

ಹೊಸ ನೂರರ ನೋಟಿನ ಮೇಲೆ ಉಬ್ಬಿದ ತ್ರಿಕೋನ, ಐನೂರರ ಮೇಲೆ ಉಬ್ಬಿದ ವೃತ್ತ ಇರುತ್ತದೆ. ಗರಿಗರಿ ನೋಟಾದರೆ ಬೆರಳಿಗೆ ಸಿಗುತ್ತದಂತೆ. ಸಂತೆ ದಿನ ಹತ್ತು ಕೈ ದಾಟಿ, ಬೆವರಲ್ಲಿ ಒದ್ದೆಯಾಗಿ ಬಂದ ನೋಟಿನಲ್ಲಿ ಏನು ಸಿಗುತ್ತದೆ? ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಮಣಿ ಅಂತ ಒಂದು ಆ್ಯಪ್ ಬಿಟ್ಟಿತು. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಎಂದು ಹೇಳುತ್ತದೆ. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ನನ್ನ ವ್ಯಾಪಾರ ಅದರ ಮೇಲೆ ನಿಂತಿದೆ.

ಫೋನು ಕೈಕೊಟ್ಟ ದಿನವೂ ಇದೆ. ಒಂದು ಬ್ಯಾಂಕಿನ ಆ್ಯಪಿನಲ್ಲಿ ಕೆವೈಸಿ, ಅಂದರೆ ಗುರುತಿನ ಪರಿಶೀಲನೆ, ಮಾಡಲು ಹೋದೆ. ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಿ ಎಂದಿತು. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಆಗಲಿಲ್ಲ. ಅವತ್ತು ತುಂಬಾ ನೊಂದುಕೊಂಡೆ. ಆಮೇಲೆ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ನಮ್ಮಂಥವರಿಗೆ ಬೇರೆ ದಾರಿ ಇಡಬೇಕು, ಇದು ಬದುಕುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತು.

ನನ್ನ ಮಾತು ದೊಡ್ಡವನಾದ ಮೇಲೆ ಕಣ್ಣು ಕಳೆದುಕೊಂಡವನದ್ದು. ಅಕ್ಷರ ನನಗೆ ಮೊದಲೇ ಗೊತ್ತಿತ್ತು. ಮಗುವಿನ ವಿಷಯ ಬೇರೆ ಇರಬಹುದು.

ಪರೀಕ್ಷೆ ಬರೆದುಕೊಟ್ಟವನು:

ನಾನು ಹಾಸನದಲ್ಲಿ ಡಿಗ್ರಿ ಓದುತ್ತಿದ್ದೇನೆ. ಕಣ್ಣಿಲ್ಲದ ಪಿಯುಸಿ ಹುಡುಗನೊಬ್ಬನಿಗೆ ಸ್ಕ್ರೈಬ್ ಆಗಿ, ಅಂದರೆ ಅವನು ಹೇಳಿದ್ದನ್ನಷ್ಟೇ ಬರೆಯುವವನಾಗಿ, ಪರೀಕ್ಷೆ ಬರೆದುಕೊಟ್ಟಿದ್ದೇನೆ. ಅವನು ಓದಿದ್ದೆಲ್ಲ ಆಡಿಯೊದಲ್ಲೇ. ಇತಿಹಾಸ ಬಾಯಿಪಾಠ, ಒಂದು ಇಸವಿ ತಪ್ಪಲಿಲ್ಲ. ಕನ್ನಡ ಪೇಪರಿನಲ್ಲಿ ಪತ್ರ ಬರೆಯುವ ಪ್ರಶ್ನೆ ಬಂತು. ವಿಳಾಸ ಎಲ್ಲಿ ಬರಬೇಕು, ಹೊಸ ಸಾಲು ಎಲ್ಲಿಂದ ಎಂದು ಕೇಳಿದೆ. ಸುಮ್ಮನಾಗಿಬಿಟ್ಟ. ಒಂದು ಪುಟ ಹೇಗಿರುತ್ತದೆ ಎಂದು ಅವನಿಗೆ ಯಾರೂ ತೋರಿಸಿಯೇ ಇರಲಿಲ್ಲ. ನಾನು ಅದನ್ನು ಹೇಳಿಕೊಡುವ ಹಾಗೂ ಇರಲಿಲ್ಲ.

ಬೇಲೂರು ಟೀಚರ್:

ತಂಗಿ, ನಾನು ಬೇಲೂರು ಕಡೆಯವಳು. ಹುಟ್ಟಿದಾಗಿನಿಂದ ಕಣ್ಣಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ, ಇದು ಹದಿನೇಳನೇ ವರ್ಷ. ನೀವು ಬರೆದದ್ದನ್ನು ನನ್ನ ಫೋನೇ ಓದಿ ಹೇಳಿತು. ಈ ಉತ್ತರವನ್ನೂ ಫೋನಿನಲ್ಲೇ ಬರೆಯುತ್ತಿದ್ದೇನೆ. ಆದರೂ ಹೇಳುತ್ತೇನೆ, ಆ ಸ್ಲೇಟನ್ನು ಇವತ್ತೇ ಬೀರುವಿನಿಂದ ಇಳಿಸಿ.

ನನ್ನ ಕ್ಲಾಸಿನಲ್ಲಿ ನಲವತ್ತೆರಡು ಮಕ್ಕಳು. ಪಾಠ ಮಾಡುವಾಗ ನನ್ನ ಕಿವಿ ಪೂರ್ತಿ ಅವರ ಕಡೆ ಇರಬೇಕು. ಯಾರು ಪಿಸುಗುಟ್ಟುತ್ತಿದ್ದಾರೆ, ಹಿಂದಿನ ಬೆಂಚಿನಲ್ಲಿ ಯಾರು ಎದ್ದರು, ಯಾರಿಗೆ ಅರ್ಥವಾಗದೆ ಉಸಿರು ಬಿಟ್ಟರು, ಎಲ್ಲಾ ಕಿವಿಗೇ ಗೊತ್ತಾಗಬೇಕು. ಆಗ ಅದೇ ಕಿವಿಗೆ ಫೋನಿನ ಮಾತು ತುಂಬಿದರೆ ಹೇಗೆ? ಹಾಗಾಗಿ ಮೇಜಿನ ಮೇಲೆ ಬ್ರೈಲ್ ಹಾಳೆ ಇರುತ್ತದೆ. ಎಡಗೈ ಸಾಲಿನ ಮೇಲೆ ಹರಿಯುತ್ತಿರುತ್ತದೆ, ಬಾಯಿ ಪಾಠ ಹೇಳುತ್ತಿರುತ್ತದೆ. ಹಾಜರಿಯೂ ಹಾಗೇ. ಹೆಸರು ಕೂಗುವುದು ಬೆರಳಿನಿಂದ, ಉತ್ತರ ಕೇಳುವುದು ಕಿವಿಯಿಂದ.

ಇನ್ನು ಅಕ್ಷರದ ವಿಷಯ. ಕನ್ನಡ ಟೀಚರ್ ಆಗಿ ನನಗೆ ಇದೇ ದೊಡ್ಡದು. ಬ್ರೈಲಿನ ಒಂದು ಮನೆಯಲ್ಲಿ ಆರು ಚುಕ್ಕಿಗಳ ಜಾಗ. ಎಡಗಡೆ ಮೇಲಿಂದ ಕೆಳಗೆ 1, 2, 3. ಬಲಗಡೆ 4, 5, 6. ಎಡಗಡೆಯ ಮೂರೂ ಇದ್ದರೆ ಲ. ಬಲಗಡೆಯ ಮೂರೂ ಇದ್ದರೆ ಳ. ಹಲ್ಲಿ ಯಾವುದು, ಹಳ್ಳಿ ಯಾವುದು ಎಂದು ನನ್ನ ಬೆರಳಿಗೆ ಏಳನೇ ವಯಸ್ಸಿಗೇ ಗೊತ್ತಾಗಿತ್ತು. ಹ್ರಸ್ವ ಇ ಅಂದರೆ 2, 4. ದೀರ್ಘ ಈ ಅಂದರೆ 3, 5. ಮುಟ್ಟಿದರೆ ಎರಡೂ ಬೇರೆ ಬೇರೆ. ಫೋನು ಸಾಲನ್ನು ಸರಸರ ಓದಿ ಮುಗಿಸುತ್ತದೆ. ಶ ಬಂತೋ ಷ ಬಂತೋ, ದ ಬಂತೋ ಧ ಬಂತೋ, ಕೇಳುವ ಮಗುವಿಗೆ ಹೇಗೆ ತಿಳಿಯಬೇಕು? ಒಂದೊಂದೇ ಅಕ್ಷರ ಬಿಡಿಸಿ ಕೇಳಬಹುದು, ನಿಜ. ಪುಟಗಟ್ಟಲೆ ಹಾಗೆ ಯಾವ ಮಗು ಕೇಳುತ್ತದೆ? ನಾನು ಇಬ್ಬರು ಮಕ್ಕಳನ್ನು ನೋಡಿದ್ದೇನೆ. ಮಾತು ಎಷ್ಟು ಚೆಂದ ಅಂದರೆ ಭಾಷಣ ಸ್ಪರ್ಧೆಯಲ್ಲಿ ಬಹುಮಾನ. ತಮ್ಮ ಊರಿನ ಹೆಸರು ಟೈಪ್ ಮಾಡಿ ಎಂದರೆ ತಪ್ಪು. ಅವರ ಜಾಣತನದಲ್ಲಿ ಏನೂ ಕೊರತೆ ಇರಲಿಲ್ಲ. ಅಕ್ಷರವನ್ನು ಅವರ ಕೈಗೆ ಯಾರೂ ಕೊಟ್ಟಿರಲಿಲ್ಲ, ಅಷ್ಟೇ. ಮೇಲೆ ಬರೆದ ಡಿಗ್ರಿ ಹುಡುಗ ಹೇಳಿದ್ದೂ ಇದೇ ಅಲ್ವಾ?

ಒಂದು ಮತದಾನದ ದಿನ ನೆನಪಾಗುತ್ತದೆ. ಮೊದಲೆಲ್ಲ ಮತ ಹಾಕಲು ಅಪ್ಪ ಜೊತೆಗೆ ಬರುತ್ತಿದ್ದರು. ಬಟನ್ ಒತ್ತುತ್ತಿದ್ದುದೂ ಅವರೇ. ಮತಯಂತ್ರದ ಬಟನ್‌ಗಳ ಪಕ್ಕ ಬ್ರೈಲಿನಲ್ಲಿ ಅಂಕಿ ಇರುತ್ತದೆ ಎಂದು ಗೊತ್ತಾದ ಮೇಲೆ ಒಬ್ಬಳೇ ಒಳಗೆ ಹೋದೆ. ಬ್ರೈಲಿನ ಮಾದರಿ ಮತಪತ್ರ ಕೇಳಿ ತೆಗೆದುಕೊಂಡು ಹೆಸರುಗಳನ್ನು ಓದಿದೆ. ಆಮೇಲೆ ಯಂತ್ರದ ಮೇಲೆ ಅಂಕಿ ಹುಡುಕಿ ಒತ್ತಿದೆ. ಹೊರಗೆ ಬಂದಾಗ ಅಪ್ಪ, "ಯಾರಿಗೆ ಹಾಕಿದೆ ಮಗಾ?" ಎಂದರು. ನಾನು ಹೇಳಲಿಲ್ಲ. ನನ್ನ ಮತ ನನಗೊಬ್ಬಳಿಗೇ ಗೊತ್ತಿದ್ದ ಮೊದಲ ಸಲ ಅದು.

ಮನೆಯಲ್ಲಿ ಅತ್ತೆಯ ಬಿಪಿ ಮಾತ್ರೆ, ನನ್ನ ಥೈರಾಯ್ಡ್ ಮಾತ್ರೆ, ಮೈದಾ ಡಬ್ಬಿ, ಅಕ್ಕಿಹಿಟ್ಟಿನ ಡಬ್ಬಿ, ಎಲ್ಲಕ್ಕೂ ಬ್ರೈಲ್ ಚೀಟಿ ಅಂಟಿಸಿದ್ದೇನೆ. ಹಳೇ ಕ್ಯಾಲೆಂಡರಿನ ದಪ್ಪ ಹಾಳೆ ಸಾಕು.

ಹಾಗಂತ ಟ್ಯಾಬ್ ಬೇಡ ಎನ್ನುತ್ತಿಲ್ಲ. ನಿಮ್ಮ ತಮ್ಮ ಪ್ರೀತಿಯಿಂದಲೇ ಕಳಿಸಿದ್ದಾರೆ. ನಾನು ಓದುವಾಗ ಒಂದು ಸಮಾಜ ವಿಜ್ಞಾನದ ಪುಸ್ತಕ ಬ್ರೈಲಿನಲ್ಲಿ ಹಲವು ದಪ್ಪ ಸಂಪುಟ ಆಗುತ್ತಿತ್ತು. ರಜೆಗೆ ಊರಿಗೆ ಬರುವಾಗ ಗೋಣಿಚೀಲದಲ್ಲಿ ಹೊತ್ತು ತರುತ್ತಿದ್ದೆವು. ಎಷ್ಟೋ ಪುಸ್ತಕ ಬ್ರೈಲಿನಲ್ಲಿ ಸಿಗುತ್ತಲೇ ಇರಲಿಲ್ಲ. ಈಗ ಬೆಳಿಗ್ಗೆ ಆರಕ್ಕೆ ಕಾಫಿ ಕುಡಿಯುತ್ತಾ ನಾನೇ ಪೇಪರ್ ಓದುತ್ತೇನೆ. ಯಾರಿಗೆ ಪುರುಸೊತ್ತಾಗುತ್ತದೋ ಎಂದು ಕಾಯಬೇಕಿಲ್ಲ. ಕಂಪ್ಯೂಟರಿಗೆ, ಪರದೆ ಓದಿ ಹೇಳುವ ಎನ್‌ವಿಡಿಎ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಅದನ್ನು 2006ರಲ್ಲಿ ಶುರು ಮಾಡಿದ ಆಸ್ಟ್ರೇಲಿಯಾದ ಮೈಕಲ್ ಕರನ್ ಅವರಿಗೂ ಕಣ್ಣಿಲ್ಲ.

ಒಂದು ಎಚ್ಚರಿಕೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಪರದೆಯ ಮೇಲೆ ಕನ್ನಡವಾಗಿಯೇ ಕಾಣುತ್ತದೆ. ಒಳಗೆ ಇರುವುದು ಮಾತ್ರ ಇಂಗ್ಲಿಷಿನ ಚೆಲ್ಲಾಪಿಲ್ಲಿ ಅಕ್ಷರ. ಕಂಪ್ಯೂಟರು ಅದನ್ನೇ ಓದುತ್ತದೆ, ಒಂದು ಪದವೂ ಅರ್ಥವಾಗುವುದಿಲ್ಲ. ಶಾಲೆಯವರು ನೋಟ್ಸ್ ಕೊಟ್ಟರೆ, ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯೂನಿಕೋಡಿನಲ್ಲಿ ಕೊಡಿ ಎಂದು ಕೇಳಿ. ಫೋಟೊ ಹೊಡೆದು ಕಳಿಸಬೇಡಿ ಅನ್ನಿ. ಕೇಳಲು ಸಂಕೋಚ ಬೇಡ, ಅದು ಮಗುವಿನ ಪಾಠ.

ಅತ್ತೆಯವರ ದುಃಖ ನನಗೆ ಅರ್ಥವಾಗುತ್ತದೆ. ನನ್ನ ಅಜ್ಜಿಯೂ ಅತ್ತಿದ್ದರು. ಅವರಿಗೆ ಲೂಯಿ ಬ್ರೈಲ್ ಕಥೆ ಹೇಳಿ. ಮೂರನೇ ವಯಸ್ಸಿನಲ್ಲಿ, ಕುದುರೆ ಸರಂಜಾಮು ಹೊಲಿಯುವ ಅಪ್ಪನ ಅಂಗಡಿಯಲ್ಲಿ, ಚರ್ಮ ಚುಚ್ಚುವ ಚೂಪು ಕಬ್ಬಿಣ ತಗುಲಿ ಆ ಮಗುವಿನ ಕಣ್ಣು ಹೋಯಿತು. 1824ರಲ್ಲಿ, ಹದಿನೈದು ವರ್ಷದ ಹುಡುಗನಾಗಿದ್ದಾಗ, ಈ ಚುಕ್ಕಿಗಳನ್ನು ಹುಡುಕಿಕೊಂಡ. ಅವನಿಗೆ ಓದುವ ಆಸೆ ಇತ್ತು, ಅದಕ್ಕೆ.

ಮೂಡಿಗೆರೆ ಅಮ್ಮ:

ಅಕ್ಕಾ, ನಿಮ್ಮ ಉತ್ತರವನ್ನು ರಾತ್ರಿ ಅತ್ತೆಗೆ ಓದಿ ಹೇಳಿದೆ. ಮತದಾನದ ವಿಷಯ ಬಂದಾಗ ಅವರು, "ಇನ್ನೊಂದು ಸಲ ಓದು" ಎಂದರು. ಸ್ಲೇಟು ಕೆಳಗಿಳಿದಿದೆ. ಆದರೆ ಮಗಳು ಬಲದಿಂದ ಎಡಕ್ಕೆ ಚುಚ್ಚಬೇಕು ಎಂದರೆ ಗೊಂದಲ ಮಾಡಿಕೊಳ್ಳುತ್ತಾಳೆ. ಇನ್ನೊಂದು, ನಮ್ಮಲ್ಲಿ ಆಷಾಢದ ಮಳೆಗೆ ಮೂರು ದಿನ ಕರೆಂಟ್ ಇರುವುದಿಲ್ಲ, ಟ್ಯಾಬ್ ಸತ್ತು ಬಿದ್ದಿರುತ್ತದೆ. ಆ ಥಂಡಿಗೆ ಬ್ರೈಲ್ ಹಾಳೆ ತಡೆಯುತ್ತದಾ?

ಬೇಲೂರು ಟೀಚರ್:

ಹಾಳೆ ಮೆತ್ತಗಾದರೆ ಚುಕ್ಕಿ ಕೂತುಬಿಡುತ್ತದೆ. ತಗಡಿನ ಟ್ರಂಕಿನಲ್ಲಿ, ಒಲೆ ಇರುವ ಕೋಣೆಯಲ್ಲಿ ಇಡಿ. ಒಂದರ ಮೇಲೊಂದು ಪೇರಿಸಬೇಡಿ, ನಿಲ್ಲಿಸಿ ಇಡಿ. ಭಾರಕ್ಕೂ ಚುಕ್ಕಿ ಅಳಿಯುತ್ತದೆ.

ಬರೆಯುವುದು ಈಗಲೇ ಬೇಡ. ಹಿಂದಿನಿಂದ ಚುಚ್ಚಿ ಹಾಳೆ ತಿರುಗಿಸಿ ಓದುವುದು ದೊಡ್ಡವರಿಗೂ ಗೊಂದಲವೇ. ಮೊದಲು ಓದಲಿ. ಮೊಟ್ಟೆ ಟ್ರೇಯನ್ನು ಆರಾರು ಗುಳಿ ಬರುವ ಹಾಗೆ ಕತ್ತರಿಸಿ. ಅಕ್ಷರದ ಚುಕ್ಕಿ ಬರುವ ಗುಳಿಗೆ ಒಂದೊಂದು ಅಡಿಕೆ ಇಡಿ. ಕಣ್ಣಿಗೆ ಬಟ್ಟೆ ಕಟ್ಟಬೇಡಿ, ಮಗು ಹೆದರುತ್ತದೆ. ಸಂಜೆ ಹೊತ್ತು ಆಡಿಸಿ. ಹೇಗೂ ಆಗ ಕಾಣುವುದಿಲ್ಲ, ಬೆರಳು ತಾನಾಗಿಯೇ ಹುಡುಕಿಕೊಳ್ಳುತ್ತದೆ. ಅವಳಿಗೆ ಇಷ್ಟವಾದ ಪದದಿಂದಲೇ ಶುರುವಾಗಲಿ.

ಮೂಡಿಗೆರೆ ಅಮ್ಮ:

ಅತ್ತೆಯೇ ಅಡಿಕೆ ಆರಿಸಿ ಕೊಟ್ಟರು ಅಕ್ಕಾ, ಎಲ್ಲಾ ಒಂದೇ ಗಾತ್ರದ್ದು. ಹೊರಗೆ ಜಡಿಮಳೆ. ಮಗಳು "ಮಳೆ" ಬೇಕು ಅನ್ನುತ್ತಿದ್ದಾಳೆ. ಳ ಗೊತ್ತಾಯಿತು, ಬಲಗಡೆಯ ಮೂರೂ. ಉಳಿದದ್ದು?

ಬೇಲೂರು ಟೀಚರ್:

ಮೂರು ಟ್ರೇ ಬೇಕು. ಮೊದಲನೆಯದು ಮ: 1, 3, 4. ಎರಡನೆಯದು ಳ: 4, 5, 6. ಬ್ರೈಲಿನಲ್ಲಿ ಕೊಂಬು, ಏತ್ವ ಅಂತ ಅಕ್ಷರಕ್ಕೆ ಅಂಟಿಸುವುದಿಲ್ಲ, ಸ್ವರವನ್ನು ಪಕ್ಕದ ಮನೆಯಲ್ಲಿ ಕೂರಿಸುತ್ತೇವೆ. ಹಾಗಾಗಿ ಮೂರನೆಯದು ಎ: 2, 6. ಒಟ್ಟು ಎಂಟು ಅಡಿಕೆ.